ಇನ್ನೊಂದ್ಸಲ ಆಗಲಿ, ನೋಡೋಣ

ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಇವತ್ತಿನವರೆಗೆ ಯಾರೂ ಸರಿಯಾಗಿ ಸೋತಿಲ್ಲ. ದಾಖಲೆಯಲ್ಲಿ ಸೋತಿರಬಹುದು. ನೆಲಕ್ಕೆ ಬಿದ್ದು, ರೆಫರಿ ಹತ್ತು ಎಣಿಸಿ, ಗೆದ್ದವನು ಬೆಲ್ಟ್ ಕಟ್ಟಿಕೊಂಡು ಮನೆಗೆ ಹೋಗಿ ಮಲಗಿಯೂ ಆಗಿರಬಹುದು. ಆದರೆ ಬಿದ್ದವನ ಅಭಿಮಾನಿಯನ್ನು ಒಮ್ಮೆ ಮಾತಾಡಿಸಿ ನೋಡಿ. ಸೋತದ್ದು ಅವನಲ್ಲವೇ ಅಲ್ಲ. ಸೋತದ್ದು ಅವನ ಜ್ವರ, ಅವನ ಕೋಚು, ರೆಫರಿಯ ಕಣ್ಣು, ಆ ಊರಿನ ಹವೆ, ಹಿಂದಿನ ದಿನದ ಊಟ. ಎಲ್ಲ ಹೇಳಿ ಮುಗಿಸಿ ಕೊನೆಗೊಂದು ಮಾತು ಬರುತ್ತದೆ: "ಇನ್ನೊಂದ್ಸಲ ಆಗಲಿ, ನೋಡೋಣ."

ಇನ್ನೊಂದು ಸಲ ಆಗುತ್ತದೆ. ಆದ ಮೇಲೂ ಇದೇ ಮಾತು.

2018ರ ಡಿಸೆಂಬರಿನಲ್ಲಿ ಡಿಯೊಂಟೆ ವೈಲ್ಡರ್ ಮತ್ತು ಟೈಸನ್ ಫ್ಯೂರಿ ಹೊಡೆದಾಡಿ ಡ್ರಾ ಆಯಿತು. 2020ರ ಫೆಬ್ರವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಮರುಪಂದ್ಯ. ಏಳನೇ ರೌಂಡಿಗೆ ವೈಲ್ಡರನ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು. ಆಮೇಲೆ ವೈಲ್ಡರ್ ಕೊಟ್ಟ ಕಾರಣ ಏನು ಗೊತ್ತಾ? ರಿಂಗಿಗೆ ಬರುವಾಗ ಹಾಕಿಕೊಂಡಿದ್ದ ವೇಷ. ಅದು 18 ಕಿಲೋಗಿಂತ ಜಾಸ್ತಿ ಇತ್ತು, ಅದನ್ನು ಹೊತ್ತು ಬರುವಷ್ಟರಲ್ಲಿ ಕಾಲಿನ ಶಕ್ತಿ ಹೋಯಿತು ಎಂದ.

ಈ ಸುದ್ದಿಯನ್ನು ನಾನು ದೊಡ್ಡಪ್ಪನಿಗೆ ಹೇಳಿದೆ. ದೊಡ್ಡಪ್ಪ ಶಿರಸಿ ಹತ್ತಿರದ ಹಳ್ಳಿಯವರು. ಶಾಲೆ ಮೇಷ್ಟ್ರಾಗಿ ನಿವೃತ್ತರಾದವರು. ಈಗ ಅಡಿಕೆ ತೋಟ, ಎಲೆಯಡಿಕೆ ಕವಳದ ತಟ್ಟೆ ಮತ್ತು ಎಲ್ಲಿ ಯಕ್ಷಗಾನದ ಆಟ, ಎಲ್ಲಿ ತಾಳಮದ್ದಳೆ ಕೂಟ ಎಂಬ ವಿಚಾರಣೆಯಲ್ಲಿ ದಿನ ಹೋಗುತ್ತದೆ. ಅವರು ಕವಳ ಉಗಿದು ಬಂದು ಕೇಳಿದರು.

"ಎಷ್ಟು ಹೊತ್ತು ಹೊತ್ತಿದ್ದನಂತೆ?"

"ಒಳಗಿಂದ ರಿಂಗಿಗೆ ಬರುವವರೆಗೆ. ಕೆಲವು ನಿಮಿಷ."

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಲ್ಲಿ ಕಿರೀಟ, ಎದೆಪದಕ, ಭುಜಕೀರ್ತಿ, ಗೆಜ್ಜೆ ಎಲ್ಲ ಕಟ್ಟಿ ಬೆಳಗಿನವರೆಗೆ ಕುಣಿತಾರೆ ಮಾರಾಯ. ಮರುದಿನ ಮತ್ತೊಂದು ಊರಲ್ಲಿ ಮತ್ತೆ ಕುಣಿತಾರೆ. ಅವರಿಗೆ ಯಾರು ಬೆಲ್ಟ್ ಕೊಡ್ತ?"

ಶಿರಸಿಯಲ್ಲಿ ಬಾಕ್ಸಿಂಗ್ ಅಭಿಮಾನಿಗಳಿದ್ದಾರೆ ಅಂದರೆ ಶಿರಸಿಯವರೇ ನಂಬುವುದಿಲ್ಲ. ನಮ್ಮ ಕಡೆ ಆಟ ಎಂದರೆ ಕ್ರಿಕೆಟ್ಟು, ಅದು ಬಿಟ್ಟರೆ ಹೊನಲು ಬೆಳಕಿನ ವಾಲಿಬಾಲ್. ನಮ್ಮ ಹಳ್ಳಿಯಲ್ಲಿ ಬಾಕ್ಸಿಂಗ್ ಗ್ಲೋವ್ಸ್ ಕೈಗೆ ಹಾಕಿದವರನ್ನು ನಾನಂತೂ ಕಂಡಿಲ್ಲ. ಆದರೆ ನೋಡುವವರಿದ್ದಾರೆ. ಅದಕ್ಕಿಂತ ಜಾಸ್ತಿ, ಮಾತಾಡುವವರಿದ್ದಾರೆ. ದೊಡ್ಡಪ್ಪನಿಗೆ ಈ ಹುಚ್ಚು ಹತ್ತಿದ್ದು 1997ರ ಮಳೆಗಾಲದಲ್ಲಿ. ಇವಾಂಡರ್ ಹೋಲಿಫೀಲ್ಡನ ಕೈಯಲ್ಲಿ ಹಿಂದಿನ ವರ್ಷ ಸೋತಿದ್ದ ಮೈಕ್ ಟೈಸನ್, ಜೂನ್ 28ರ ಮರುಪಂದ್ಯದ ಮೂರನೇ ರೌಂಡಿನಲ್ಲಿ ಅವನ ಕಿವಿಯನ್ನೇ ಕಚ್ಚಿದ. ಒಂದಲ್ಲ, ಎರಡೂ ಕಿವಿ. ಬಲಗಿವಿಯ ಚೂರೊಂದು ಹರಿದೇ ಬಂತು. ಪಂದ್ಯ ಅಲ್ಲಿಗೇ ನಿಲ್ಲಿಸಿ ಟೈಸನ್‌ನನ್ನು ಅನರ್ಹ ಮಾಡಿದರು. ಪೇಪರಿನಲ್ಲಿ ಫೋಟೋ ನೋಡಿದ ದೊಡ್ಡಪ್ಪನಿಗೆ ಇದು ಬರೀ ಹೊಡೆದಾಟ ಅಲ್ಲ, ಇದರಲ್ಲಿ ಕಥೆ ಉಂಟು ಎಂದು ಅನಿಸಿತಂತೆ. ಅಂದಿನಿಂದ ಇಂದಿನವರೆಗೆ ಅವರು ಟೈಸನ್ ಪರ. ಹೋಲಿಫೀಲ್ಡ್ ಮೊದಲು ತಲೆಯಿಂದ ಗುದ್ದಿದ್ದ ಎನ್ನುವುದು ಅವರ ವಾದ. ಟೈಸನ್‌ನ ವಾದವೂ ಅದೇ ಆಗಿತ್ತು.

ತಮಾಷೆ ಎಂದರೆ ಆ ಇಬ್ಬರು ರಾಜಿಯಾಗಿ ಎಷ್ಟೋ ಕಾಲವಾಯಿತು. 2013ರಲ್ಲಿ ಒಂದು ಜಾಹೀರಾತಿನಲ್ಲಿ ಟೈಸನ್ ಹೋಲಿಫೀಲ್ಡನ ಮನೆಬಾಗಿಲಿಗೆ ಹೋಗಿ, ಒಂದು ಪೆಟ್ಟಿಗೆಯಲ್ಲಿ ಆ ಕಿವಿಯ ಚೂರನ್ನು ವಾಪಸ್ ಕೊಡುತ್ತಾನೆ. ಇಬ್ಬರೂ ತಬ್ಬಿಕೊಳ್ಳುತ್ತಾರೆ. ದೊಡ್ಡಪ್ಪನಿಗೆ ಅದನ್ನು ತೋರಿಸಿದೆ. "ಇದು ನಾಟಕ" ಎಂದರು. ನಾಟಕವೇ ಹೌದು, ಜಾಹೀರಾತು ಅಲ್ವಾ. ಆದರೆ ಅವರು ಹೇಳಿದ್ದು ಬೇರೆ ಅರ್ಥದಲ್ಲಿ. ಕಚ್ಚಿದವನು ಮರೆತ, ಕಚ್ಚಿಸಿಕೊಂಡವನು ಮರೆತ, ಶಿರಸಿಯ ಮೇಷ್ಟ್ರು ಮರೆತಿಲ್ಲ.

ಇಷ್ಟು ದೂರದ ಜಗಳವನ್ನು ನಮ್ಮವರು ಇಷ್ಟು ಸಲೀಸಾಗಿ ಮೈಮೇಲೆ ಎಳೆದುಕೊಳ್ಳುವುದಕ್ಕೆ ನನಗೆ ಕಾಣುವ ಕಾರಣ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಕತೆ ಎಲ್ಲರಿಗೂ ಗೊತ್ತು. ಕರ್ಣ ಸಾಯುತ್ತಾನೆ, ಕೌರವ ಬೀಳುತ್ತಾನೆ. ಆದರೂ ಕೂಟ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ "ಇವತ್ತು ಕರ್ಣನೇ ಗೆದ್ದ ಬಿಡಿ" ಎಂದು ಒಬ್ಬ ಹೇಳುತ್ತಾನೆ. ಇನ್ನೊಬ್ಬ ಬೈಕು ನಿಲ್ಲಿಸಿ ಜಗಳಕ್ಕೆ ಬರುತ್ತಾನೆ. ಸತ್ತವನು ಗೆಲ್ಲಬಹುದು ಎಂದು ಒಪ್ಪಿಕೊಂಡ ಜನಕ್ಕೆ ಬಿದ್ದ ಬಾಕ್ಸರನ್ನು ಗೆಲ್ಲಿಸುವುದು ಯಾವ ದೊಡ್ಡ ಕೆಲಸ?

ಅದರಲ್ಲೂ ಮರುಪಂದ್ಯ ನಮಗೆ ಹೊಸತೇ ಅಲ್ಲ. ಕಿಷ್ಕಿಂಧೆಯಲ್ಲೇ ಆಗಿದೆ. ಸುಗ್ರೀವ ಮೊದಲ ಸಲ ಹೋಗಿ ವಾಲಿಯ ಕೈಯಲ್ಲಿ ಹೊಡೆತ ತಿಂದು ಓಡಿ ಬಂದ. ಅಣ್ಣ ತಮ್ಮ ಒಂದೇ ಥರ ಕಂಡರು, ಯಾರೆಂದು ಗೊತ್ತಾಗಲಿಲ್ಲ ಎಂದು ರಾಮ ಕಾರಣ ಹೇಳಿದ. ಕೊರಳಿಗೆ ಹೂಮಾಲೆ ಹಾಕಿ ಎರಡನೇ ಸಲ ಕಳಿಸಿದ. ಆ ಎರಡನೇ ಕಾಳಗದಲ್ಲಿ ಮರದ ಮರೆಯಿಂದ ಬಾಣ ಬಂತು. ಆ ಫಲಿತಾಂಶ ಸರಿಯಾ ತಪ್ಪಾ ಎಂದು ನಮ್ಮ ಘಟ್ಟದ ಮೇಲೂ ಕೆಳಗೂ ಪ್ರತಿ ವರ್ಷ ಇನ್ನೂ ಚರ್ಚೆ ನಡೆಯುತ್ತಿದೆ. ಬಾಣ ನಾಟಿದ ಮೇಲೆ ವಾಲಿ ಒಂದು ಗಂಟೆ ಮಾತಾಡುತ್ತಾನೆ. ಒಳ್ಳೆಯ ಅರ್ಥಧಾರಿ ಸಿಕ್ಕರೆ ಒಂದೂವರೆ. ಜನ ಕಾಯುವುದೇ ಅದಕ್ಕೆ.

ದೊಡ್ಡಪ್ಪ ಟೈಸನ್ ಫ್ಯೂರಿಯ ಕಡೆ ವಾಲಿದ್ದಕ್ಕೂ ಇದೇ ಮೂಲ. ಫ್ಯೂರಿ ಮಾತುಗಾರ. ಪತ್ರಿಕಾಗೋಷ್ಠಿಯಲ್ಲಿ ಹಾಡುತ್ತಾನೆ, ಬೈಯುತ್ತಾನೆ, ಅಂಗಿ ಬಿಚ್ಚುತ್ತಾನೆ. ಎದುರಾಳಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಕೂತಲ್ಲಿ ಕೂತು ಕಣ್ಣು ಪಿಳುಕಿಸದೆ ನೋಡುತ್ತಾನೆ. "ಅವ ಒಳ್ಳೆ ಪೈಲ್ವಾನ ಇರಬಹುದು. ಅರ್ಥಧಾರಿ ಅಲ್ಲ" ಎಂದು ದೊಡ್ಡಪ್ಪ ಮೊದಲ ದಿನವೇ ತೀರ್ಪು ಕೊಟ್ಟರು.

ಆ ಇಬ್ಬರ ಮೊದಲ ಪಂದ್ಯ 2024ರ ಮೇ 18ರಂದು ಸೌದಿಯ ರಿಯಾದಿನಲ್ಲಿ. ಒಂಬತ್ತನೇ ರೌಂಡಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ಓಲಾಡಿದ. ರೆಫರಿ ನಡುವೆ ಬಂದು ಎಣಿಸಿದ. ಅಷ್ಟರಲ್ಲಿ ಗಂಟೆ ಹೊಡೆದು ಬಚಾವಾದ. ಕೊನೆಗೆ ಇಬ್ಬರು ತೀರ್ಪುಗಾರರು ಉಸಿಕ್‌ಗೆ, ಒಬ್ಬರು ಫ್ಯೂರಿಗೆ ಕೊಟ್ಟರು. 1999ರಲ್ಲಿ ಲೆನಾಕ್ಸ್ ಲೂಯಿಸ್ ಆದ ಮೇಲೆ ಹೆವಿವೇಟ್‌ನಲ್ಲಿ ಬೇರೆ ಬೇರೆ ಸಂಸ್ಥೆಗಳು ಕೊಡುವ ಎಲ್ಲ ಬೆಲ್ಟುಗಳೂ ಒಬ್ಬನ ಸೊಂಟಕ್ಕೆ ಬಂದದ್ದು ಇದೇ ಮೊದಲು. ಲೂಯಿಸ್ ಕತೆಯೂ ಮರುಪಂದ್ಯದ್ದೇ. ಆ ವರ್ಷ ಮಾರ್ಚಿನಲ್ಲಿ ಹೋಲಿಫೀಲ್ಡ್ ಜೊತೆಗಿನ ಪಂದ್ಯವನ್ನು ಡ್ರಾ ಎಂದು ಬರೆದಿದ್ದರು. ನೋಡಿದವರಲ್ಲಿ ಬಹಳ ಜನ ಬಾಯಿ ಬಾಯಿ ಬಡಿದುಕೊಂಡರು. ನವೆಂಬರಿನಲ್ಲಿ ಮತ್ತೆ ಆಡಿಸಿ ಸರಿ ಮಾಡಿಕೊಂಡರು.

ಉಸಿಕ್-ಫ್ಯೂರಿ ಮರುಪಂದ್ಯ ಅದೇ ರಿಯಾದಿನಲ್ಲಿ, 2024ರ ಡಿಸೆಂಬರ್ 21ರ ಶನಿವಾರ. ಅಲ್ಲಿ ರಾತ್ರಿ ಕಳೆದಾಗ ನಮ್ಮಲ್ಲಿ ಭಾನುವಾರದ ಬೆಳಗಿನ ಜಾವ. ಬೇರೆ ಕಡೆಯ ಜನಕ್ಕೆ ಇದು ನಿದ್ದೆಗೆಟ್ಟು ನೋಡುವ ಹೊತ್ತು. ಡಿಸೆಂಬರಿನ ಶಿರಸಿಯಲ್ಲಿ ಹಾಗಲ್ಲ. ಅಡಿಕೆ ಕೊಯ್ಲು. ಹಗಲು ಮರ ಹತ್ತುವ ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತಾ ಅಡಿಕೆ ಗೊನೆ ಇಳಿಸಿರುತ್ತಾನೆ. ರಾತ್ರಿ ಅಂಗಳದಲ್ಲಿ ದೀಪ ಹಾಕಿ ಕತ್ತಿಯ ಮುಂದೆ ಸಾಲಾಗಿ ಕೂತು ಸುಲಿಯಬೇಕು. ಸುಲಿದದ್ದನ್ನು ಚೊಗರು, ಅಂದರೆ ಹಿಂದೆ ಅಡಿಕೆ ಬೇಯಿಸಿದ ಕಂದು ನೀರು, ಹಾಕಿ ಹಂಡೆಯಲ್ಲಿ ಬೇಯಿಸಬೇಕು. ಈಗ ಸುಲಿಯುವ ಯಂತ್ರ ಬಂದಿದೆ ನಿಜ. ಆದರೆ ಯಂತ್ರದ ಸದ್ದಿನಲ್ಲಿ ಊರ ಸುದ್ದಿ ಕೇಳಿಸುವುದಿಲ್ಲ ಎಂದು ದೊಡ್ಡಪ್ಪ ಅದನ್ನು ಮನೆಗೆ ಸೇರಿಸಿಲ್ಲ. ಹಾಗಾಗಿ ಆ ಜಾವದಲ್ಲಿ ಹಂಡೆಯ ಒಲೆಗೆ ಬೆಂಕಿ ಹಾಕಲು ಎದ್ದವರು, ಸುಲಿದು ಮನೆಗೆ ಹೋಗಲು ಬೇಜಾರಾಗಿ ಅಲ್ಲೇ ಜಗಲಿಯಲ್ಲಿ ಮಲಗಿದವರು, ಒಟ್ಟು ಒಂದು ಸಣ್ಣ ಸಭೆಯೇ ಇತ್ತು.

ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ದುಡ್ಡು ಕಟ್ಟಿ ಮೊಬೈಲಿನಲ್ಲಿ ಪಂದ್ಯ ಹಾಕಿದವನು ಅವನೇ. ನಮ್ಮ ಹಳ್ಳಿಯ ನೆಟ್‌ವರ್ಕ್ ವಿಷಯ ಹೇಳಬಾರದು. ಅಂಗಳದ ಒಂದು ಮೂಲೆಯಲ್ಲಿ, ಬಚ್ಚಲುಮನೆಯ ಗೋಡೆಗೆ ಒರಗಿಸಿಟ್ಟರೆ ಮಾತ್ರ ಸಿಗುತ್ತದೆ. ಅಡಿಕೆ ಬುಟ್ಟಿಯೊಂದನ್ನು ಮಗುಚಿ ಹಾಕಿ ಅದರ ಮೇಲೆ ಮೊಬೈಲು ನಿಲ್ಲಿಸಿದ. ಕಂಬಳಿ ಹೊದ್ದ ನಾವೆಲ್ಲ ಅದರ ಮುಂದೆ ಕೂತೆವು.

ತೂಕ ಹೇಳಿದಾಗ ಸಭೆ ಉಸಿಕ್‌ನ ಕೈ ಬಿಟ್ಟಿತು. ಫ್ಯೂರಿ 127 ಕಿಲೋ, ಉಸಿಕ್ 102. ಎತ್ತರದಲ್ಲೂ ಅರ್ಧ ಅಡಿ ವ್ಯತ್ಯಾಸ. "ಒಂದು ಅಕ್ಕಿ ಚೀಲ ಹೆಚ್ಚಿಗೆ ಹೊತ್ತವನ ಸಂಗಡ ಇವ ಎಂತ ಹೊಡೆದಾಡ್ತ?" ಎಂದಿತು ಒಂದು ಕಂಬಳಿ. ಆದರೆ ಕೊನೆಗೌಡ ಮುಖ ನೋಡುತ್ತಿರಲಿಲ್ಲ, ಕೈಯನ್ನೂ ನೋಡುತ್ತಿರಲಿಲ್ಲ. ಮೂರನೇ ರೌಂಡಿನಲ್ಲೋ ಏನೋ, ಬೀಡಿ ಹಚ್ಚುತ್ತಾ ಅವನು ಹೇಳಿದ.

"ಹೆಗಡೇರೇ, ಈ ಸಣ್ಣವ ಕಾಲು ಇಡ್ತಾ ಇರೋ ಜಾಗ ನೋಡಿ. ದೊಡ್ಡವನ ಪಾದದ ಹೊರಗೇ ಇಡ್ತಾನೆ. ಬೀಳುವವ ಇವ ಅಲ್ಲ."

ನಾನು ಓದಿ ತಿಳಿದದ್ದನ್ನು ಅವನು ಬರೀ ನೋಡಿ ಹೇಳಿದ. ಉಸಿಕ್ ಎಡಚ. ಎಡಚನ ಬಲಗಾಲು ಮುಂದೆ ಇರುತ್ತದೆ. ಎದುರಿಗಿದ್ದವನ ಎಡಗಾಲು ಮುಂದೆ. ಎರಡೂ ಪಾದ ಒಂದರೆದುರು ಒಂದು ಬರುತ್ತವೆ. ಯಾರ ಪಾದ ಹೊರಬದಿಗೆ ಇರುತ್ತದೋ ಅವನ ಹಿಂದಿನ ಕೈ ನೇರವಾಗಿ ಹೋಗುತ್ತದೆ, ಎದುರಾಳಿಯದು ಸುತ್ತಿ ಬರಬೇಕಾಗುತ್ತದೆ. ಬಾಕ್ಸಿಂಗ್ ಪಂಡಿತರು ಇದನ್ನು ಪುಟಗಟ್ಟಲೆ ಬರೆಯುತ್ತಾರೆ. ನಲವತ್ತಡಿ ಮೇಲೆ ಪಾದದ ಮೇಲೆ ಪ್ರಾಣ ಇಟ್ಟುಕೊಂಡು ಕೆಲಸ ಮಾಡುವವನಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ದೊಡ್ಡಪ್ಪ ಮಾತ್ರ "ನೀನು ಕಾಲು ನೋಡ್ತಾ ಕೂತರೆ ಹೊಡೆತ ಎಣಿಸುವವರು ಯಾರು?" ಎಂದು ಗದರಿದರು.

ಎಣಿಸುತ್ತಿದ್ದವರು ಅವರೇ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಅಂಕ ಹಾಕುತ್ತಿದ್ದರು. ಲೆಕ್ಕ ಸರಳ. ರೌಂಡು ಗೆದ್ದವನಿಗೆ 10, ಸೋತವನಿಗೆ 9. ಬಿದ್ದರೆ 8. ಹನ್ನೆರಡು ರೌಂಡು, ಒಂದೊಂದೂ ಮೂರು ನಿಮಿಷ. ಮೂವರು ತೀರ್ಪುಗಾರರು ರಿಂಗಿನ ಬೇರೆ ಬೇರೆ ಬದಿಯಲ್ಲಿ ಕೂತಿರುತ್ತಾರೆ. ಒಬ್ಬನಿಗೆ ಮುಖ ಕಂಡರೆ ಇನ್ನೊಬ್ಬನಿಗೆ ಬೆನ್ನು. ಈ ಲೆಕ್ಕದ ಚಂದವೂ ಕೇಡೂ ಒಂದೇ. ಮೂರು ನಿಮಿಷ ಬಾರಿಸಿ ಗೆದ್ದರೂ 10-9, ಕೊನೆಯ ಗಳಿಗೆಯಲ್ಲಿ ಒಂದು ಏಟು ಜಾಸ್ತಿ ಕೊಟ್ಟು ಗೆದ್ದರೂ 10-9. ಅಭಿಮಾನಿ ಬದುಕುವುದು ಈ ಸಂದಿಯಲ್ಲಿ. ತನ್ನವನು ಚೆನ್ನಾಗಿ ಆಡಿದ ಒಂದು ರೌಂಡು ಅವನ ತಲೆಯಲ್ಲಿ ಮೂರು ರೌಂಡಿನಷ್ಟು ದೊಡ್ಡದಾಗಿ ಉಳಿಯುತ್ತದೆ. ಪೇಪರಿನಲ್ಲಿ ಅದಕ್ಕೆ ಸಿಗುವುದು ಒಂದೇ ಅಂಕ.

ಹನ್ನೊಂದನೇ ರೌಂಡಿನ ನಡುವೆ ಮೊಬೈಲಿನ ಚಿತ್ರ ನಿಂತಿತು. ಫ್ಯೂರಿಯ ಕೈ ಗಾಳಿಯಲ್ಲಿ, ಉಸಿಕ್‌ನ ಗಡ್ಡದಿಂದ ಒಂದು ಗೇಣು ದೂರದಲ್ಲಿ. ಮಧ್ಯೆ ಬಿಳಿ ವೃತ್ತ ತಿರುಗುತ್ತಿತ್ತು. ಹುಡುಗ ಮೊಬೈಲು ಎತ್ತಿ ಅಂಗಳವಿಡೀ ಓಡಾಡಿದ. ಹಿಂತಿರುಗಿ ಬಂದಾಗ ಹನ್ನೆರಡನೆಯದು ಶುರುವಾಗಿತ್ತು. ದೊಡ್ಡಪ್ಪ ಆಗಲೇ ಹನ್ನೊಂದನೇ ರೌಂಡನ್ನು ಫ್ಯೂರಿಗೆ ಬರೆದಾಗಿತ್ತು.

"ನೋಡದೆ ಹೇಗೆ ಕೊಟ್ಟಿರಿ?"

"ಆ ಹೊಡೆತ ತಾಗಿರಲೇಬೇಕು."

ಫಲಿತಾಂಶ ಬಂತು. ಮೂವರೂ 116-112, ಮೂವರೂ ಉಸಿಕ್‌ಗೆ. ಎಂಟು ರೌಂಡು ಅವನಿಗೆ, ನಾಲ್ಕು ಇವನಿಗೆ. ಅಂಗಳದಲ್ಲಿ ಗದ್ದಲ. ಮೇ ತಿಂಗಳಲ್ಲಿ ತೀರ್ಪುಗಾರರ ಲೆಕ್ಕ ಬೇರೆ ಬೇರೆ ಬಂದಾಗ, "ಒಂದೇ ಪಂದ್ಯಕ್ಕೆ ಮೂರು ಲೆಕ್ಕ ಬಂದರೆ ಅದೆಂಥಾ ಲೆಕ್ಕ" ಎಂದು ಇದೇ ದೊಡ್ಡಪ್ಪ ಕೂಗಾಡಿದ್ದರು. ಈಗ ಮೂವರದ್ದೂ ಒಂದೇ ಬಂದಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಾನು ಎಷ್ಟು ವರ್ಷ ಪೇಪರ್ ತಿದ್ದಿದ್ದೇನೆ. ಮೂರು ಜನರ ಉತ್ತರ ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿದರೆ ಅದು ಕಾಪಿ."

ಅಣ್ಣನ ಮಗ ಇನ್ನೊಂದು ಅಸ್ತ್ರ ಬಿಟ್ಟ. ಆ ಪಂದ್ಯಕ್ಕೆ ಪ್ರಯೋಗಕ್ಕೆಂದು ಕೃತಕ ಬುದ್ಧಿಮತ್ತೆಯ ಒಂದು ತೀರ್ಪುಗಾರನನ್ನೂ ಇಟ್ಟಿದ್ದರು. ಅದರ ಅಂಕ ಲೆಕ್ಕಕ್ಕಿಲ್ಲ, ಸುಮ್ನೆ ನೋಡುವುದಕ್ಕೆ. ಅದೂ ಉಸಿಕ್‌ನನ್ನೇ ಗೆಲ್ಲಿಸಿತ್ತು. ದೊಡ್ಡಪ್ಪ ಜಗ್ಗಲಿಲ್ಲ. "ಅಡಿಕೆ ಸುಲಿಯುವ ಯಂತ್ರವೂ ಹಾಗೇ. ಸಿಪ್ಪೆ ಜೊತೆ ಅಡಿಕೆಯನ್ನೂ ಕೆತ್ತಿ ಹಾಕ್ತು."

ಅವರಿಗೆ ಸೋಲಿಗಿಂತ ಬೇಜಾರಾದದ್ದು ಆಮೇಲಿನ ಸಂಗತಿ. ಫಲಿತಾಂಶ ಕೇಳಿದ್ದೇ ಫ್ಯೂರಿ ರಿಂಗಿನಿಂದ ಇಳಿದು ಹೋದ. ಗೆದ್ದವನು ನಾನೇ ಎಂದು ಆಮೇಲೆ ಎಲ್ಲೋ ಒಳಗೆ ಹೇಳಿದ್ದು ಬೇರೆ ಮಾತು. "ವಾಲಿ ಆಗಿದ್ದರೆ ಹೀಗೆ ಹೋಗ್ತಿದ್ನಾ?" ಎಂದರು ದೊಡ್ಡಪ್ಪ. ಕೂಟಕ್ಕೆ ಹೋಗಿ, ವಾಲಿ ಬಾಣ ತಾಗಿದ ಕೂಡಲೇ ಎದ್ದು ಬಸ್ಸಿಗೆ ಹೋದದ್ದನ್ನು ನೋಡಿದ ಮುಖ ಅವರದ್ದು. ನನಗೂ ಹೌದೆನಿಸಿತು. ಇಷ್ಟೆಲ್ಲ ಮಾತಾಡುವ ಮನುಷ್ಯ ಮಾತಾಡಬೇಕಾದ ಹೊತ್ತಿಗೆ ಸುಮ್ಮನಾದದ್ದು ಅವನ ಆ ರಾತ್ರಿಯ ದೊಡ್ಡ ತಪ್ಪು.

ಘಟ್ಟ ಇಳಿದರೆ ಬೇರೆ ಕಥೆ. ಕಾರವಾರದಲ್ಲಿ ನನ್ನ ಕಾಲೇಜು ಕಾಲದ ಗೆಳೆಯನೊಬ್ಬನಿದ್ದಾನೆ. ಬೈತಖೋಲ ಬಂದರಿನಲ್ಲಿ ಬೋಟು ಇದೆ, ಅದನ್ನು ನಡೆಸುವ ತಾಂಡೇಲನೂ ಅವನೇ. ಮೀನುಗಾರಿಕೆ ನಡೆಯುವ ತಿಂಗಳಲ್ಲಿ ಅವನು ಫೋನಿಗೂ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಅವನಷ್ಟು ಪುರುಸೊತ್ತಿನ ಮನುಷ್ಯ ಜಿಲ್ಲೆಯಲ್ಲಿಲ್ಲ. 2025ರ ಜುಲೈ 19ರಂದು ಲಂಡನ್ನಿನ ವೆಂಬ್ಲಿಯಲ್ಲಿ ಉಸಿಕ್ ಮತ್ತು ಡೇನಿಯಲ್ ಡುಬೋಯ್ ಮರುಪಂದ್ಯ ಇದ್ದಾಗ ನಾನು ಅವನ ಮನೆಯಲ್ಲಿದ್ದೆ. ಹೊರಗೆ ಕಾರವಾರದ ಮಳೆ. ಕಡಲು ರಾತ್ರಿಯಿಡೀ ಗುಡುಗುತ್ತಿತ್ತು.

ಗೆಳೆಯ ಡುಬೋಯ್ ಪರ. ಕಾರಣ 2023ರ ಆಗಸ್ಟ್ 26. ಪೋಲೆಂಡಿನ ವ್ರೊಟ್ಸ್ವಾಫ್ ಊರಿನಲ್ಲಿ ಇವರಿಬ್ಬರ ಮೊದಲ ಪಂದ್ಯ. ಐದನೇ ರೌಂಡಿನಲ್ಲಿ ಡುಬೋಯ್ ಕೊಟ್ಟ ಬಲಗೈ ಏಟು ಉಸಿಕ್‌ನ ಚಡ್ಡಿಯ ಪಟ್ಟಿಯ ಹತ್ತಿರ ಬಿತ್ತು. ಉಸಿಕ್ ನೆಲಕ್ಕೊರಗಿದ. ಪಟ್ಟಿಯ ಕೆಳಗೆ ಬಿದ್ದಿದೆ, ಇದು ನಿಯಮಬಾಹಿರ ಎಂದ ರೆಫರಿ. ಸುಧಾರಿಸಿಕೊಳ್ಳಲು ಐದು ನಿಮಿಷದವರೆಗೆ ಸಮಯ ಇರುತ್ತದೆ. ಉಸಿಕ್ ಸುಮಾರು ನಾಲ್ಕು ನಿಮಿಷ ತಗೊಂಡು ಎದ್ದ, ಒಂಬತ್ತನೇ ರೌಂಡಿನಲ್ಲಿ ಡುಬೋಯ್‌ನನ್ನು ಕೆಡವಿದ. ಬಿದ್ದದ್ದು ಪಟ್ಟಿಯ ಮೇಲೋ ಕೆಳಗೋ? ಇದೊಂದು ಪ್ರಶ್ನೆ ಎರಡು ವರ್ಷ ಜೀವಂತ ಇತ್ತು. ನನ್ನ ಗೆಳೆಯ ತನ್ನ ಲುಂಗಿಯನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂದು ತೋರಿಸಿ ಇದನ್ನು ಎಷ್ಟೋ ಜನಕ್ಕೆ ವಿವರಿಸಿದ್ದಾನೆ. ಉಸಿಕ್ ಚಡ್ಡಿಯನ್ನೇ ಮೇಲೆ ಎಳೆದುಕೊಂಡಿದ್ದ ಎಂಬುದು ಅವನ ದೂರು.

ಈ ಜಗಳವನ್ನೂ ನಾವು ಮೊದಲೇ ಕೇಳಿದ್ದೇವೆ. ಗದಾಯುದ್ಧದಲ್ಲಿ ಹೊಕ್ಕುಳಿಂದ ಕೆಳಗೆ ಹೊಡೆಯಬಾರದು. ಭೀಮ ತೊಡೆಗೆ ಹೊಡೆದ. ಗುರು ಬಲರಾಮ ನೇಗಿಲೆತ್ತಿ ಎದ್ದ, ಕೃಷ್ಣ ಸಮಾಧಾನ ಮಾಡಿದ, ಬಲರಾಮ ಸಿಟ್ಟಿನಲ್ಲಿ ದ್ವಾರಕೆಗೆ ಹೊರಟುಹೋದ. ಫಲಿತಾಂಶ ಬದಲಾಗಲಿಲ್ಲ. ಅಲ್ಲಿ ಮರುಪಂದ್ಯಕ್ಕೆ ತೊಡೆಯೂ ಉಳಿದಿರಲಿಲ್ಲ. ಡುಬೋಯ್‌ಗೆ ಆ ತೊಂದರೆ ಇರಲಿಲ್ಲ. ಸುಮಾರು 90 ಸಾವಿರ ಜನ, ಅವನದೇ ಊರು, 38 ವರ್ಷದ ಎದುರಾಳಿ. "ಇವತ್ತು ಲೆಕ್ಕ ಚುಕ್ತಾ ನೋಡು ಬಾಬಾ" ಎಂದು ಗೆಳೆಯ ಬಂಗಡೆ ಹುರಿದದ್ದನ್ನು ತಟ್ಟೆಗೆ ಹಾಕಿ ತಂದ. ಮಳೆಗಾಲದಲ್ಲಿ ಬಂಗಡೆ ಎಲ್ಲಿಂದ ಎಂದು ಕೇಳಬೇಡಿ, ತಾಂಡೇಲನ ಮನೆ ಅದು.

ಐದನೇ ರೌಂಡಿನಲ್ಲೇ ಮುಗಿಯಿತು. ಉಸಿಕ್‌ನ ಎಡಗೈ ಬೀಸು ಬಂತು, ಡುಬೋಯ್ ಬಿದ್ದ, ಏಳಲಿಲ್ಲ. ಆ ಏಟಿಗೆ ಇವಾನ್ ಎಂದು ಹೆಸರಿಟ್ಟಿದ್ದೇನೆ ಎಂದ ಉಸಿಕ್. ಈ ಸಲ ಪಟ್ಟಿಯ ಪ್ರಶ್ನೆ ಇಲ್ಲ, ಏಟು ದವಡೆಗೆ. ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಬಂಗಡೆಯ ಮುಳ್ಳು ಬಿಡಿಸುತ್ತಾ ಕೂತ. ನನಗೆ ಅವನ ಮೇಲೆ ಕನಿಕರ ಬಂತು. ಅವನ ಹುಡುಗ ಸೋತನೆಂದಲ್ಲ. ಎರಡು ವರ್ಷದ ವಾದ ಒಂದು ಏಟಿಗೆ ಹೋಯಿತಲ್ಲ ಎಂದು. ಜಗಳ ಬಗೆಹರಿದರೆ ಅಭಿಮಾನಿಗೆ ನಷ್ಟವೇ ಜಾಸ್ತಿ.

ಹಾಗೆ ನೋಡಿದರೆ ಚರಿತ್ರೆಯಲ್ಲಿ ಸ್ವಚ್ಛವಾಗಿ ಬಗೆಹರಿದ ಮರುಪಂದ್ಯಗಳು ಕಡಿಮೆ. 1927ರಲ್ಲಿ ಶಿಕಾಗೋದಲ್ಲಿ ಜಾಕ್ ಡೆಂಪ್ಸಿ ಜೀನ್ ಟನ್ನಿಯನ್ನು ಏಳನೇ ರೌಂಡಿನಲ್ಲಿ ಕೆಡವಿದ. ಕೆಡವಿದವನು ದೂರದ ಮೂಲೆಗೆ ಹೋಗಿ ನಿಲ್ಲಬೇಕು, ಆಮೇಲೆ ಎಣಿಕೆ ಎಂದು ನಿಯಮ. ಡೆಂಪ್ಸಿ ಹೋಗದೆ ಅಲ್ಲೇ ನಿಂತ. ಎಣಿಕೆ ತಡವಾಯಿತು, ಟನ್ನಿಗೆ ಹತ್ತರ ಬದಲು ಹದಿಮೂರು ಹದಿನಾಲ್ಕು ಸೆಕೆಂಡು ಸಿಕ್ಕಿತು. ಎದ್ದು ಗೆದ್ದ. ಆ ನಾಲ್ಕು ಸೆಕೆಂಡಿನ ಮೇಲೆ ಅಮೆರಿಕದ ಒಂದು ತಲೆಮಾರು ಮಾತಾಡಿಕೊಂಡು ಬದುಕಿತು.

1965ರದ್ದು ಇನ್ನೂ ವಿಚಿತ್ರ. ಕಾರವಾರದ ಜಿಮ್ಮೊಂದರ ಗೋಡೆಯ ಮೇಲೆ ನಾನೊಂದು ಫೋಟೋ ನೋಡಿದ್ದೇನೆ. ನೀವೂ ನೋಡಿರುತ್ತೀರಿ. ಮಹಮ್ಮದ್ ಅಲಿ ಬಲಗೈ ಮಡಚಿ, ಕೆಳಗೆ ಬಿದ್ದ ಸನ್ನಿ ಲಿಸ್ಟನ್ ಮೇಲೆ ಕೂಗುತ್ತಿರುವುದು. ಕೆಳಗೆ ಹುಡುಗರು ಡಂಬೆಲ್ಸ್ ಎತ್ತುತ್ತಿರುತ್ತಾರೆ. ಶೌರ್ಯಕ್ಕೆ ಇದಕ್ಕಿಂತ ಚಿತ್ರ ಬೇಕಾ ಎನಿಸುತ್ತದೆ. ಆದರೆ ಅದು ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನಲ್ಲಿ ಆದ ಮರುಪಂದ್ಯದ ಫೋಟೋ. ನೋಡಲು ಬಂದವರು ಎರಡೂವರೆ ಸಾವಿರದಷ್ಟೂ ಇರಲಿಲ್ಲ. ಮೊದಲ ರೌಂಡಿನಲ್ಲೇ ಲಿಸ್ಟನ್ ಬಿದ್ದ. ಅವನನ್ನು ಬೀಳಿಸಿದ ಏಟು ಅಲ್ಲಿದ್ದವರಲ್ಲಿ ಬಹಳಷ್ಟು ಜನಕ್ಕೆ ಕಾಣಲೇ ಇಲ್ಲ. ಮೋಸ ಮೋಸ ಎಂದು ಜನ ಕೂಗಿದರು. ಅಲಿ ಕೂಗುತ್ತಿದ್ದುದೂ ಎದ್ದೇಳು, ಹೊಡೆದಾಡು ಎಂದೇ. ನಾನು ಇದನ್ನು ಜಿಮ್ಮಿನ ಹುಡುಗನೊಬ್ಬನಿಗೆ ಹೇಳಿದೆ. ಅವನು ಫೋಟೋವನ್ನು ಇನ್ನೊಮ್ಮೆ ನೋಡಿ, "ಆದ್ರೂ ಬೈಸೆಪ್ಸ್ ನೋಡಿ ಸರ್" ಎಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ಮಾತಿಲ್ಲದೆ ಮುಗಿದದ್ದು ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವರದ್ದು. 1936ರಲ್ಲಿ ಶ್ಮೆಲಿಂಗ್ ಹನ್ನೆರಡನೇ ರೌಂಡಿನಲ್ಲಿ ಲೂಯಿಸ್‌ನನ್ನು ಕೆಡವಿದ್ದ. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಮ್‌ನಲ್ಲಿ ಮರುಪಂದ್ಯ. ಹಿಟ್ಲರನ ಕಾಲ. ಒಬ್ಬ ಕರಿಯ, ಒಬ್ಬ ಜರ್ಮನ್. ಅರ್ಧ ಜಗತ್ತು ರೇಡಿಯೋಗೆ ಕಿವಿ ಹಚ್ಚಿತ್ತು. 124 ಸೆಕೆಂಡಿನಲ್ಲಿ ಲೂಯಿಸ್ ಮುಗಿಸಿದ. ದೊಡ್ಡಪ್ಪನಿಗೆ ಈ ಪಂದ್ಯ ಹಿಡಿಸುವುದೇ ಇಲ್ಲ. "ಎರಡು ನಿಮಿಷ ಅಂದರೆ ನಮ್ಮ ಭಾಗವತರು ಗಣಪತಿ ಸ್ತುತಿಯ ರಾಗ ಎತ್ತುವುದಕ್ಕೂ ಸಾಲ." ಆ ಇಬ್ಬರು ಮುಂದೆ ಗೆಳೆಯರಾದರು. 1981ರಲ್ಲಿ ಲೂಯಿಸ್ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿಗೆ ಶ್ಮೆಲಿಂಗ್ ನೆರವಾದ. ಹೊಡೆದಾಡಿದವರ ಸಿಟ್ಟು ಬೆವರಿನ ಜೊತೆ ಹೋಗುತ್ತದೆಯೋ ಏನೋ. ನೋಡುವವರು ಬೆವರುವುದಿಲ್ಲ, ಅದಕ್ಕೇ ಒಳಗೆ ಉಳಿಯುತ್ತದೆ.

ಗೆದ್ದವನ ಅಭಿಮಾನಿಯ ಪಾಡು ಇನ್ನೂ ಪಾಪ. ಅಣ್ಣನ ಮಗನನ್ನೇ ನೋಡಿ. ಮೇ ತಿಂಗಳಲ್ಲಿ ಉಸಿಕ್ ಗೆದ್ದ, ಡಿಸೆಂಬರಿನಲ್ಲಿ ಗೆದ್ದ, ಮುಂದಿನ ಜುಲೈನಲ್ಲಿ ಗೆದ್ದ. ಹುಡುಗನಿಗೆ ಹೇಳಲು ಏನೂ ಇಲ್ಲ. "ಗೆದ್ದ" ಎನ್ನುತ್ತಾನೆ. ಆಮೇಲೆ? ಆ ಬೆಳಗ್ಗೆ ಅವನು ಚಾ ಕುಡಿದು ಮಲಗಿಬಿಟ್ಟ. ದೊಡ್ಡಪ್ಪ ಮಾತ್ರ ಹಂಡೆಯ ಮುಂದೆ, ಚೊಗರಿನ ಹಬೆಯಲ್ಲಿ ನಿಂತು, ಬಂದವರಿಗೆಲ್ಲ ಕ್ಯಾಲೆಂಡರ್ ತೋರಿಸುತ್ತಿದ್ದರು. ಅವರ ಲೆಕ್ಕದಲ್ಲಿ 115-113, ಫ್ಯೂರಿಗೆ. ಹಾಲು ಕೊಡಲು ಬಂದವಳಿಗೂ ತೋರಿಸಿದರು. ಅವಳು "ಹೌದಾ, ಯಾರ ಮನೆಯವನಂತೆ?" ಎಂದು ಕೇಳಿ ಪಾತ್ರೆ ಇಟ್ಟು ಹೋದಳು.

ಒಪ್ಪಂದದಲ್ಲೇ ಮರುಪಂದ್ಯ ಬರೆದಿರುತ್ತದೆ ಎಂದು ನಾನು ಒಮ್ಮೆ ಅವರಿಗೆ ಹೇಳಿದ್ದೆ. ಮೊದಲ ಪಂದ್ಯಕ್ಕೆ ಸಹಿ ಹಾಕುವಾಗಲೇ, ಸೋತವನಿಗೆ ಇನ್ನೊಂದು ಅವಕಾಶ ಎಂದು ಷರತ್ತು. ಉಸಿಕ್-ಫ್ಯೂರಿ ವಿಷಯದಲ್ಲೂ ಹಾಗೇ ಇತ್ತು. ದುಡ್ಡಿನ ಲೆಕ್ಕ. ಒಂದು ಜಗಳವನ್ನು ಎರಡು ಸಲ ಮಾರುವುದು. ದೊಡ್ಡಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ಎರಡೇ ಯಾಕೆ?" ಎಂದರು. ಫ್ಯೂರಿ 2025ರ ಜನವರಿಯಲ್ಲಿ ನಿವೃತ್ತಿ ಹೇಳಿದಾಗಲೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ಇದು ಅವಂದು ಎಷ್ಟನೇ ನಿವೃತ್ತಿ? ಬರ್ತ ಬಿಡು."

ಕಳೆದ ಸಲ ಕಾರವಾರದ ಗೆಳೆಯ ಫೋನು ಮಾಡಿದಾಗ ನಾನು ಶಿರಸಿಯಲ್ಲಿದ್ದೆ. ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ಇಬ್ಬರೂ ಉಸಿಕ್‌ನಿಂದ ನೊಂದವರು, ಮಾತಾಡಿಕೊಳ್ಳಲಿ, ಒಬ್ಬರಿಗೊಬ್ಬರು ಸಮಾಧಾನ ಆದೀತು ಎಂದು ಫೋನು ಅವರ ಕೈಗೆ ಕೊಟ್ಟೆ. ಐದು ನಿಮಿಷ ಚೆನ್ನಾಗಿ ನಡೆಯಿತು. ಉಸಿಕ್‌ನ ಚಡ್ಡಿ, ತೀರ್ಪುಗಾರರ ಕಾಪಿ, ಎಲ್ಲದರಲ್ಲೂ ಒಮ್ಮತ. ಆಮೇಲೆ ಯಾರೋ ಒಬ್ಬರು ಫ್ಯೂರಿ ಮತ್ತು ಡುಬೋಯ್ ಹೊಡೆದಾಡಿದರೆ ಯಾರು ಗೆಲ್ಲುತ್ತಾರೆ ಎಂದು ಕೇಳಿದರು. ಅಲ್ಲಿಗೆ ಮುಗಿಯಿತು. ದೊಡ್ಡಪ್ಪನ ದನಿ ತೋಟದವರೆಗೆ ಕೇಳುತ್ತಿತ್ತು. ಆರನೇ ರೌಂಡಿನಲ್ಲಿ ಡುಬೋಯ್ ಬೀಳುತ್ತಾನೆ ಎಂದು ಇವರು, ಬೀಳುವುದು ಫ್ಯೂರಿ, ಅದೂ ನಾಲ್ಕರಲ್ಲಿ ಎಂದು ಆ ಕಡೆಯಿಂದ ಅವನು. ಆ ಇಬ್ಬರು ರಿಂಗಿನಲ್ಲಿ ಎದುರುಬದುರು ಇನ್ನೂ ನಿಂತೇ ಇಲ್ಲ. ನಾನು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇವರು ಆ ಪಂದ್ಯವನ್ನು ಮುಗಿಸಿ, ರೆಫರಿಯನ್ನು ಬೈದು, ಮರುಪಂದ್ಯ ಎಲ್ಲಿ ಆಗಬೇಕು ಎಂಬ ಮಾತಿಗೆ ಬಂದಿದ್ದರು.